ದನಿ ಕೇಳಸ್ತದ, ಮಾತು ತಿಳಿಯಂಗಿಲ್ಲ

ಪ್ರಶ್ನೆ: ನಮ್ಮದು ಬನಹಟ್ಟಿ. ಮಾವನವರಿಗೆ 63 ವರ್ಷ. ಮನೆಗೆ ಹೊಂದಿಕೊಂಡೇ ಪವರ್‌ಲೂಮ್ ಶೆಡ್ ಇದೆ, ಅವರ ಆಯುಷ್ಯವೆಲ್ಲ ಅದರಲ್ಲೇ ಕಳೆದಿದೆ. ಈಗೆರಡು ವರ್ಷದಿಂದ ‘ದನಿ ಕೇಳಸ್ತದ, ಮಾತು ತಿಳಿಯಂಗಿಲ್ಲ’ ಅನ್ನುತ್ತಾರೆ. ಎದುರಿಗೆ ಕೂತು ಒಬ್ಬರೇ ಮಾತಾಡಿದರೆ ಸರಿಯಾಗಿ ಉತ್ತರ ಕೊಡುತ್ತಾರೆ. ಮದುವೆ ಮನೆ, ಸಂತೆ, ಬಸ್‌ಸ್ಟ್ಯಾಂಡ್ ಅಂದರೆ ಮುಗಿಯಿತು, ನಾವು ಹೇಳಿದ್ದೊಂದು ಅವರು ಕೇಳಿಸಿಕೊಂಡದ್ದೊಂದು. ಜೋರಾಗಿ ಹೇಳಿದರೆ ‘ಯಾಕ ಒದರ್ತಿ’ ಎಂದು ಸಿಟ್ಟಾಗುತ್ತಾರೆ. ಬೀಗರು ‘ವಯಸ್ಸಾತು, ಮೆದುಳು ಮಂದ ಆಗೇದ’ ಅನ್ನುತ್ತಾರೆ. ಇನ್ನು ನನ್ನ ಮಗ ಮೂರನೇ ಇಯತ್ತೆ, ಇಂಗ್ಲಿಷ್ ಮೀಡಿಯಂ. ಕರೆದರೆ ಓಗೊಡುವುದಿಲ್ಲ, ಹೇಳಿದ್ದರಲ್ಲಿ ಅರ್ಧ ಮಾಡುತ್ತಾನೆ ಎಂದು ಟೀಚರ್ ಡೈರಿಯಲ್ಲಿ ಬರೆದು ಕಳಿಸುತ್ತಾರೆ. ಮನೆಯಲ್ಲಿ ಮೊಬೈಲ್ ಸಣ್ಣ ದನಿಯಲ್ಲಿಟ್ಟರೂ ಅವನಿಗೆ ಕೇಳುತ್ತದೆ. ಇವರಿಬ್ಬರದು ಕಿವಿಯ ತೊಂದರೆಯೋ, ಮೆದುಳಿನದೋ? ಪರೀಕ್ಷೆ ಮಾಡಿಸಬೇಕೋ, ಇನ್ನಷ್ಟು ದಿನ ನೋಡಬೇಕೋ?
— ಒಬ್ಬ ಗೃಹಿಣಿ, ರಬಕವಿ-ಬನಹಟ್ಟಿ

ಉತ್ತರ: ಇನ್ನಷ್ಟು ದಿನ ನೋಡುವುದು ಬೇಡ. ಇಬ್ಬರನ್ನೂ ತೋರಿಸಿ. ಒಂದೇ ಸಲಕ್ಕೆ ಇಬ್ಬರನ್ನು ಕರೆದೊಯ್ಯಲು ಆಗದಿದ್ದರೆ ಮೊದಲು ಮಗನನ್ನು ಕರೆದೊಯ್ಯಿರಿ, ಅವನಿಗೆ ತಪ್ಪಿಹೋಗುವ ಪಾಠ ತಿರುಗಿ ಬರುವುದಿಲ್ಲ.

ಕಿವಿಯೋ ಮೆದುಳೋ ಎಂದು ಕೇಳಿದ್ದೀರಿ. ಮಾವನವರದು ಬಹುಮಟ್ಟಿಗೆ ಕಿವಿಯಲ್ಲಿ ಹುಟ್ಟಿ ಮೆದುಳಿಗೆ ಹೊರೆಯಾದ ತೊಂದರೆ ಇರಬೇಕು. ಮಗನದು ಏನೆಂದು ಪರೀಕ್ಷೆ ಆಗುವವರೆಗೆ ಟೀಚರೂ ಹೇಳಲಾರರು, ನಾನೂ ಹೇಳಲಾರೆ. ಕಿವಿ ಪರೀಕ್ಷಿಸುವ ನಮ್ಮ ಕಸುಬಿನಲ್ಲಿ ಒಂದು ಕ್ರಮವಿದೆ: ಮೆದುಳು, ಗಮನ, ಸ್ವಭಾವ ಇವುಗಳ ಮೇಲೆ ದೂರು ಹೊರಿಸುವ ಮೊದಲು ಕಿವಿಯನ್ನು ಅಳೆಯಬೇಕು. ಊರಲ್ಲಿ ನಡೆಯುವುದು ಇದರ ತಿರುಗಾಮುರುಗಾ. ಮುದುಕರಿಗೆ ‘ತಲಿ ಓಡವಲ್ದು’, ಹುಡುಗರಿಗೆ ‘ಲಕ್ಷ್ಯ ಇಲ್ಲ’ ಎಂಬ ತೀರ್ಪು ಮೊದಲೇ ಬಂದಿರುತ್ತದೆ. ಕಿವಿಯ ಪರೀಕ್ಷೆ ಎಲ್ಲ ಮುಗಿದ ಮೇಲೆ, ಅದೂ ಯಾರಾದರೂ ಹೇಳಿದರೆ.

ಮಾವನವರ ಮಾತನ್ನೇ ಹಿಡಿದು ಹೊರಡೋಣ. ‘ದನಿ ಕೇಳಸ್ತದ, ಮಾತು ತಿಳಿಯಂಗಿಲ್ಲ’ ಎಂಬುದು ರೋಗಿ ಕೊಡಬಹುದಾದ ಅತ್ಯಂತ ನಿಖರವಾದ ವಿವರ. ರಬಕವಿ, ಬನಹಟ್ಟಿ, ಗುಳೇದಗುಡ್ಡ, ಇಳಕಲ್ಲು ಕಡೆಯಿಂದ ಬರುವ ಹಿರಿಯರ ಬಾಯಲ್ಲಿ ಇದನ್ನು ಕೇಳಿದಾಗ, ಅವರ ಕಿವಿಯ ಗ್ರಾಫ್ ಹೇಗಿರಬಹುದು ಎಂಬುದು ಯಂತ್ರ ಹಚ್ಚುವ ಮೊದಲೇ ಕಣ್ಣಮುಂದೆ ಬರುತ್ತದೆ.

ಪವರ್‌ಲೂಮ್ ಶೆಡ್ಡಿನಲ್ಲಿ ಲಾಳಿ ಆ ಕಡೆ ಈ ಕಡೆ ಬಡಿಯುವ ಸಪ್ಪಳ 90 ಡೆಸಿಬೆಲ್ (ಸಪ್ಪಳ ಎಷ್ಟು ಜೋರು ಎಂಬುದರ ಅಳತೆ) ದಾಟುವುದು ಸಾಮಾನ್ಯ. ತಗಡಿನ ಮಾಡು, ಸಣ್ಣ ಕೋಣೆ, ನಾಲ್ಕು ಮಗ್ಗ ಒಟ್ಟಿಗೆ ಓಡಿದರೆ ಇನ್ನೂ ಮೇಲೆ ಹೋಗುತ್ತದೆ. ದಿನಕ್ಕೆ 8 ತಾಸು ಇರಬಹುದಾದ ಸುರಕ್ಷಿತ ಮಟ್ಟ 85 ಡೆಸಿಬೆಲ್ ಎಂದು ಕಿವಿಯ ಆರೋಗ್ಯ ನೋಡುವವರು ಒಪ್ಪುತ್ತಾರೆ. ಅಲ್ಲಿಂದ ಪ್ರತಿ 3 ಡೆಸಿಬೆಲ್ ಏರಿದಾಗ ಇರಬಹುದಾದ ವೇಳೆ ಅರ್ಧಕ್ಕೆ ಇಳಿಯುತ್ತದೆ: 88ಕ್ಕೆ 4 ತಾಸು, 91ಕ್ಕೆ 2, 94ಕ್ಕೆ ಒಂದೇ ತಾಸು, 100 ಮುಟ್ಟಿದರೆ ಕಾಲು ತಾಸು. ಅಷ್ಟು ದಿನ ಮಗ್ಗ ನಡೆಸಿದವರು ಈ ಲೆಕ್ಕವನ್ನು ಎಷ್ಟು ಸಲ ಮೀರಿರಬೇಕು, ನೀವೇ ಯೋಚಿಸಿ. ಶಬ್ದದಿಂದಾಗುವ ಕಿವುಡು ನಮ್ಮ ಕಾರ್ಮಿಕ ಕಾನೂನಿನ ಉದ್ಯೋಗಜನ್ಯ ಕಾಯಿಲೆಗಳ ಪಟ್ಟಿಯಲ್ಲೇ ಇದೆ. ಆದರೆ ಅಡಿಗೆಮನೆಯ ಹಿಂದಿನ ಗೋಡೆಗೆ ಆನಿಕೊಂಡ ಶೆಡ್ಡಿಗೆ ಯಾವ ಇನ್ಸ್‌ಪೆಕ್ಟರೂ ಸಪ್ಪಳ ಅಳೆಯುವ ಮೀಟರ್ ಹಿಡಿದು ಬರುವುದಿಲ್ಲ.

ಆ ಸಪ್ಪಳ ಒಳಗೆ ಏನು ಮಾಡುತ್ತದೆ? ಶಬ್ದ ಕಿವಿತಮಟೆಗೆ ತಾಗಿ, ಅದರ ಹಿಂದಿರುವ ಮೂರು ಪುಟ್ಟ ಎಲುಬುಗಳನ್ನು ಅಲುಗಿಸಿ, ಕಾಕ್ಲಿಯಾ ಎಂಬ ಸುರುಳಿ ಸುತ್ತಿದ, ದ್ರವ ತುಂಬಿದ ಅಂಗವನ್ನು ಸೇರುತ್ತದೆ. ಒಂದೊಂದು ಕಿವಿಯ ಕಾಕ್ಲಿಯಾದಲ್ಲಿ ಸುಮಾರು 3,500 ಒಳ ರೋಮಕೋಶಗಳು, 12,000ದಷ್ಟು ಹೊರ ರೋಮಕೋಶಗಳು ಸಾಲಾಗಿ ನಿಂತಿವೆ. ಒಳಸಾಲಿನವು ಮೆದುಳಿಗೆ ಸುದ್ದಿ ಮುಟ್ಟಿಸುತ್ತವೆ. ಹೊರಸಾಲಿನವು ಸಣ್ಣ ಸಪ್ಪಳವನ್ನು ಹಿಗ್ಗಿಸಿ ಕೊಡುತ್ತವೆ. ಸುರುಳಿಯ ಬುಡದಲ್ಲಿರುವವು ಕೀರಲು ದನಿಗೆ ಮಿಡಿಯುತ್ತವೆ, ತುದಿಯಲ್ಲಿರುವವು ಮಂದ್ರ ದನಿಗೆ. ದನಿಯ ಅಲೆ ಬುಡದಿಂದ ತುದಿಗೆ ಹೀಗೆ ಸಾಗುತ್ತದೆ ಎಂದು ತೋರಿಸಿಕೊಟ್ಟ ಗಿಯೋರ್ಗ್ ಫಾನ್ ಬೆಕೆಶಿ ಅವರಿಗೆ 1961ರಲ್ಲಿ ನೊಬೆಲ್ ಬಂತು. ಜೋರು ಶಬ್ದಕ್ಕೆ ಮೊದಲು ಬಲಿಯಾಗುವುದು ಹೊರಸಾಲು, ಅದರಲ್ಲೂ 4,000 ಹರ್ಟ್ಜ್ (ದನಿ ಎಷ್ಟು ಕೀರಲು ಎಂಬುದರ ಅಳತೆ) ಆಸುಪಾಸಿನ ಭಾಗ. ಮನುಷ್ಯನಲ್ಲಿ ಸತ್ತ ರೋಮಕೋಶ ಮತ್ತೆ ಹುಟ್ಟುವುದಿಲ್ಲ. ಔಷಧಿಯೂ ಇಲ್ಲ, ತೈಲವೂ ಇಲ್ಲ.

ಇದಕ್ಕೂ ಮಾತು ತಿಳಿಯದೆ ಇರುವುದಕ್ಕೂ ನಂಟು ಇಲ್ಲಿದೆ. ಮಾತಿನಲ್ಲಿ ಸ್ವರಗಳ ಬಲವೆಲ್ಲ ಹೆಚ್ಚಾಗಿ ಕೆಳಗಿನ ಕಂಪನಗಳಲ್ಲಿರುತ್ತದೆ. ಸ, ಶ, ಚ, ತ, ಕ ಮುಂತಾದವುಗಳ ಗುರುತು ಮೇಲಿನ ಕಂಪನಗಳಲ್ಲಿರುತ್ತದೆ, ಅದೂ ಬಲು ಮೆತ್ತಗೆ. ಹಾಲು, ಸಾಲು, ಕಾಲು, ಪಾಲು — ಈ ನಾಲ್ಕರಲ್ಲಿ ‘ಆಲು’ ಅಷ್ಟು ಮಾವನವರ ಕಿವಿಗೆ ಪೂರ್ತಿ ಬರುತ್ತದೆ, ಜೋರಾಗಿಯೇ ಬರುತ್ತದೆ. ಬಾರದೇ ಇರುವುದು ಮೊದಲಿನ ಒಂದಕ್ಷರದ ಗುರುತು. ‘ತಮ್ಮ ಪಾಲು ಕೇಳಾಕ ಬಂದಾನ’ ಅಂದರೆ ‘ಹಾಲು ಕೇಳಾಕ ಬಂದಾನ’ ಆಗಿ, ಮನೆಯಲ್ಲಿ ನಗೆಪಾಟಲಾಗುತ್ತದೆ ಇಲ್ಲವೇ ಜಗಳವಾಗುತ್ತದೆ. ಹೆಂಗಸರ, ಮಕ್ಕಳ ಮಾತು ಇನ್ನೂ ಕಷ್ಟ. ಗಂಡಸರ ಮಾತು ತಿಳಿದಷ್ಟು ಸೊಸೆಯ ಮಾತು ತಿಳಿಯದಿದ್ದರೆ ಅದು ಸೊಸೆಯ ಮೇಲಿನ ತಾತ್ಸಾರ ಅಲ್ಲ.

ಜೋರಾಗಿ ಹೇಳಿದರೆ ಯಾಕೆ ಸಿಟ್ಟು? ಹೊರ ರೋಮಕೋಶ ಹೋದಾಗ ಸಣ್ಣ ಸಪ್ಪಳ ಕೇಳುವುದಿಲ್ಲ, ಆದರೆ ದೊಡ್ಡ ಸಪ್ಪಳ ಮೊದಲಿನಷ್ಟೇ ದೊಡ್ಡದಾಗಿ ಕೇಳುತ್ತದೆ. ಕೇಳದ್ದಕ್ಕೂ ಸಹಿಸಲಾಗದ್ದಕ್ಕೂ ನಡುವಿನ ಜಾಗ ಕಿರಿದಾಗುತ್ತದೆ. ಮೆಲ್ಲಗೆ ಅಂದರೆ ತಿಳಿಯಲಿಲ್ಲ, ಒದರಿದರೆ ಕಿವಿಗೆ ಚುಚ್ಚಿತು. ಅಲ್ಲದೆ ಒದರುವಾಗ ನಾವು ಜೋರು ಮಾಡುವುದು ಸ್ವರಗಳನ್ನೇ, ಅವರಿಗೆ ಬೇಕಿರುವ ಸ-ಶ-ತ-ಕಗಳನ್ನಲ್ಲ. ಒದರುವ ಬದಲು ಎದುರಿಗೆ ಬಂದು, ಬೆಳಕಿನಲ್ಲಿ ನಿಂತು, ಸ್ವಲ್ಪ ತಡೆದು ಮಾತಾಡಿ. ತಿಳಿಯದಿದ್ದರೆ ಅದೇ ಮಾತನ್ನು ಮೂರು ಸಲ ಹೇಳಬೇಡಿ, ಬೇರೆ ಪದಗಳಲ್ಲಿ ಹೇಳಿ.

ಈಗ ಮೆದುಳಿನ ವಿಷಯ. ಕಾಕ್ಲಿಯಾದಿಂದ ಸುಮಾರು 30,000 ನರತಂತುಗಳು ಮೆದುಳಿನ ಕಾಂಡಕ್ಕೆ ಹೋಗುತ್ತವೆ. ಅಲ್ಲಿಂದ ಕಪಾಲದ ಎರಡೂ ಪಕ್ಕದಲ್ಲಿರುವ ಶ್ರವಣ ಪ್ರದೇಶಕ್ಕೆ ದನಿ ನೆಟ್ಟಗೆ ಹೋಗುವುದಿಲ್ಲ. ನಡುವೆ ಹಲವು ಠಾಣೆಗಳಿವೆ, ಒಂದೊಂದರಲ್ಲಿ ಒಂದೊಂದು ಲೆಕ್ಕ ನಡೆಯುತ್ತದೆ. ಬುಡದ ಠಾಣೆಯೊಂದರಲ್ಲೇ ಎಡಕಿವಿಯ ಸುದ್ದಿಯನ್ನೂ ಬಲಕಿವಿಯ ಸುದ್ದಿಯನ್ನೂ ತಾಳೆ ನೋಡಲಾಗುತ್ತದೆ. ಬಲಗಡೆಯಿಂದ ಕರೆದ ದನಿ ಎಡಕಿವಿಗೆ ಮುಟ್ಟುವಾಗ ಹೆಚ್ಚೆಂದರೆ ಸೆಕೆಂಡಿನ ಸಾವಿರದಲ್ಲಿ ಮುಕ್ಕಾಲು ಭಾಗಕ್ಕಿಂತಲೂ ಕಡಿಮೆ ತಡವಾಗುತ್ತದೆ. ಚೆನ್ನಾಗಿರುವ ಕಿವಿ-ಮೆದುಳಿಗೆ ಅದಕ್ಕಿಂತ ಎಷ್ಟೋ ಸಣ್ಣ ಅಂತರ, ಸೆಕೆಂಡಿನ ಲಕ್ಷದಲ್ಲಿ ಒಂದು ಭಾಗದಷ್ಟರದ್ದೂ ಗೊತ್ತಾಗುತ್ತದೆ. ಅದರಿಂದಲೇ ಕಣ್ಣು ಮುಚ್ಚಿದ್ದರೂ ಯಾವ ಕಡೆಯಿಂದ ಕರೆದರು ಎಂದು ತಿಳಿಯುತ್ತದೆ. ಸಂತೆಯ ಗದ್ದಲದಲ್ಲಿ ಒಂದು ದನಿಯನ್ನು ಹಿಡಿದು ಉಳಿದದ್ದನ್ನು ಬದಿಗೆ ಸರಿಸುವುದಕ್ಕೂ ಈ ತಾಳೆಯೇ ದೊಡ್ಡ ಆಧಾರ. ಬ್ರಿಟನ್ನಿನ ಕಾಲಿನ್ ಚೆರಿ 1953ರಲ್ಲಿ ಒಂದೊಂದು ಕಿವಿಗೆ ಒಂದೊಂದು ಮಾತು ಕೇಳಿಸಿ ನೋಡಿದರು. ಒಂದು ಕಿವಿಯದನ್ನು ಹಿಂಬಾಲಿಸಿ ಹೇಳುತ್ತಿದ್ದವರಿಗೆ ಇನ್ನೊಂದು ಕಿವಿಯಲ್ಲಿ ಏನು ಹೇಳಿದರೆಂಬುದು ಬಹುತೇಕ ತಿಳಿದಿರಲೇ ಇಲ್ಲ. ಆಯ್ಕೆ ಮಾಡಿ ಕೇಳುವುದು ಮೆದುಳಿನ ಕೆಲಸ ಎಂಬುದಕ್ಕೆ ಇದಕ್ಕಿಂತ ನೇರವಾದ ಪುರಾವೆ ಬೇಕಿಲ್ಲ.

ಮೆದುಳು ಬರೀ ಆಯುವುದಿಲ್ಲ, ತುಂಬಿಯೂ ಕೊಡುತ್ತದೆ. 1970ರಲ್ಲಿ ಅಮೆರಿಕದ ರಿಚರ್ಡ್ ವಾರನ್ ಒಂದು ವಾಕ್ಯದ ಒಂದು ದನಿಯನ್ನು ಟೇಪಿನಿಂದ ಕತ್ತರಿಸಿ ಆ ಜಾಗದಲ್ಲಿ ಕೆಮ್ಮಿನ ಸಪ್ಪಳ ಸೇರಿಸಿದರು. ಕೇಳಿದವರಿಗೆ ವಾಕ್ಯ ಇಡಿಯಾಗಿಯೇ ಕೇಳಿತು, ಯಾವ ಅಕ್ಷರ ಇಲ್ಲ ಎಂದು ಹೇಳಲಾಗಲಿಲ್ಲ. ನಿಮ್ಮ ಮನೆಯ ಕಸುಬಿನ ಮಾತಿನಲ್ಲೇ ಹೇಳಬೇಕೆಂದರೆ, ಪಳಗಿದ ನೇಕಾರ ಅಂಚಿನ ವಿನ್ಯಾಸ ನೋಡಿಯೇ ಹರಿದ ಎಳೆ ಯಾವುದೆಂದು ಊಹಿಸಿ ಗಂಟು ಹಾಕುವಂತೆ ಮೆದುಳು ಬಿಟ್ಟುಹೋದ ದನಿಯನ್ನು ಕಟ್ಟಿಕೊಳ್ಳುತ್ತದೆ. ಒಂದೆರಡು ಎಳೆ ಹರಿದರೆ ಸಾಗುತ್ತದೆ. ಕಿವಿಯಿಂದಲೇ ಅರ್ಧ ಎಳೆ ಬಾರದೆ, ಬಂದದ್ದನ್ನೂ ಸಂತೆಯ ಗದ್ದಲ ಕಿತ್ತುಕೊಂಡರೆ ಊಹೆಗೆ ಆಧಾರವೇ ಉಳಿಯುವುದಿಲ್ಲ. ಬಾಯಿ ಕಾಣುವಾಗ ಕಣ್ಣು ಕೂಡ ಕೈಗೂಡಿಸುತ್ತದೆ. ಎದುರಿಗೆ ಕೂತಾಗ ನಿಮ್ಮ ಮಾವನವರು ಸರಿಯಾಗಿ ಉತ್ತರಿಸುವುದರ ಗುಟ್ಟು ಇದೇ: ಗದ್ದಲ ಇಲ್ಲ, ದನಿ ಹತ್ತಿರ, ತುಟಿ ಕಾಣುತ್ತದೆ, ವಿಷಯವೂ ಮನೆಯದೇ. ಕೋವಿಡ್ ಕಾಲದಲ್ಲಿ ಎಲ್ಲರೂ ಮಾಸ್ಕ್ ಹಾಕಿದ ಮೇಲೆ ‘ಈಗೀಗ ಕಿವಿ ಕೇಳವಲ್ದು’ ಎಂದು ಬಂದ ಹಿರಿಯರಿಗೆ ಲೆಕ್ಕವಿಲ್ಲ. ಅವರ ಕಿವಿ ಮೊದಲೇ ಸೋತಿತ್ತು, ತುಟಿ ನೋಡುವುದು ತಪ್ಪಿದ ಮೇಲೆ ಬಯಲಾಯಿತು ಅಷ್ಟೆ.

ಹೀಗೆ ದಿನವಿಡೀ ಊಹಿಸಿ ಕೇಳುವುದು ದಣಿವಿನ ಕೆಲಸ. ಸಂಜೆಯಾದರೆ ಸುಮ್ಮನಾಗುವುದು, ಮದುವೆಗೆ ‘ನೀವ ಹೋಗ್ರಿ’ ಅನ್ನುವುದು, ಕೇಳದಿದ್ದರೂ ‘ಹೂಂ’ ಅಂದುಬಿಡುವುದು, ಟಿವಿ ದನಿ ಏರಿಸುವುದು — ಮನೆಯವರು ಇದನ್ನು ವಯಸ್ಸಿನ ಗುಣ ಎಂದುಕೊಳ್ಳುತ್ತಾರೆ. ಬೀಗರ ಮಾತಿನಲ್ಲಿ ಒಂದಂಶ ನಿಜವಿದೆ, ಅದನ್ನೂ ಹೇಳಬೇಕು. ವಯಸ್ಸಾದಂತೆ ದನಿಗಳ ನಡುವಿನ ಸೂಕ್ಷ್ಮ ಅಂತರಗಳನ್ನು ಹಿಡಿಯುವಲ್ಲಿ ಮೆದುಳೂ ನಿಧಾನವಾಗುತ್ತದೆ, ಅವಸರದ ಮಾತು ಕಷ್ಟವಾಗುತ್ತದೆ. ಆದರೆ ಅದು ಬುದ್ಧಿ ಮಂದವಾಗುವುದಲ್ಲ. ಸಕ್ಕರೆ ಕಾಯಿಲೆ ಇದ್ದರೆ ಅದೂ ಕಿವಿಯ ಮೇಲೆ ತನ್ನ ಪಾಲು ಭಾರ ಹಾಕುತ್ತದೆ.

ಪರೀಕ್ಷೆಯಲ್ಲಿ ಏನು ಕಾಣಬೇಕು ಎಂದು ನಿಮಗೆ ಮೊದಲೇ ಗೊತ್ತಿರಲಿ, ಯಾಕೆಂದರೆ ಇಲ್ಲೇ ಬಹಳ ಜನ ಮೋಸ ಹೋಗುತ್ತಾರೆ. ಸಪ್ಪಳ ಬಾರದ ಕೋಣೆಯಲ್ಲಿ ಕೂರಿಸಿ, ಹೆಡ್‌ಫೋನ್ ಹಾಕಿ, ಪೀ ಎಂಬ ಸಣ್ಣ ದನಿ ಕೇಳಿದಾಗಲೆಲ್ಲ ಗುಂಡಿ ಒತ್ತಲು ಹೇಳುತ್ತಾರೆ. ಫಲಿತಾಂಶ ಒಂದು ಗ್ರಾಫ್. ಎಡದಿಂದ ಬಲಕ್ಕೆ ಹೋದಂತೆ ದನಿ ಕೀರಲಾಗುತ್ತದೆ: 250, 500, 1,000, 2,000, 4,000, 8,000 ಹರ್ಟ್ಜ್. ಗೆರೆ ಮೇಲಿದ್ದಷ್ಟೂ ಒಳ್ಳೆಯದು, ಕೆಳಗಿಳಿದಷ್ಟೂ ನಷ್ಟ. ಬಲಕಿವಿ ಕೆಂಪು ಸುನ್ನೆ, ಎಡಕಿವಿ ನೀಲಿ ಗುಣಾಕಾರ ಚಿಹ್ನೆ. ಮಗ್ಗದವರ ಗ್ರಾಫ್ ಸಾಮಾನ್ಯವಾಗಿ ಹೀಗಿರುತ್ತದೆ: 1,000ದ ವರೆಗೆ ಗೆರೆ ಮೇಲೆಯೇ ಸಮನಾಗಿ ನಡೆದು, 2,000 ದಾಟಿದ ಮೇಲೆ ಧಡ್ಡನೆ ಕುಸಿದು, 4,000ದಲ್ಲಿ ತಳ ಕಂಡು, 8,000ದಲ್ಲಿ ಚೂರು ಮೇಲೇಳುತ್ತದೆ. ವಯಸ್ಸಿನ ನಷ್ಟವೂ ಕೂಡಿಕೊಂಡರೆ ಆ ಕೊನೆಯ ಏಳುವಿಕೆ ಅಳಿಸಿಹೋಗುತ್ತದೆ.

ಈಗ ಕೇಳಿ. 500, 1,000, 2,000ದ ಸರಾಸರಿ ಮಾತ್ರ ತೆಗೆದರೆ ಇಂಥವರದು ಎಷ್ಟೋ ಸಲ ‘ನಾರ್ಮಲ್’ ಅಥವಾ ‘ಸ್ವಲ್ಪ ಕಡಿಮೆ’ ಎಂದು ಬರುತ್ತದೆ. ತೊಂದರೆ ಇರುವುದೇ 4,000ದಲ್ಲಿ, ಸರಾಸರಿ ಅದನ್ನು ನುಂಗಿಬಿಡುತ್ತದೆ. ಆದ್ದರಿಂದ ‘ಏನೂ ಇಲ್ಲ’ ಎಂಬ ಬಾಯಿಮಾತು ಸಾಲದು, ಗ್ರಾಫ್ ಕೈಗೆ ಕೊಡಿ ಎನ್ನಿ, 4,000 ಎಂದು ಬರೆದಲ್ಲಿ ಬಿದ್ದ ಗುರುತನ್ನು ನೀವೇ ನೋಡಿ. ವಿಶ್ವ ಆರೋಗ್ಯ ಸಂಸ್ಥೆಯ 2021ರ ವರ್ಗೀಕರಣದಲ್ಲಿ 4,000 ಹರ್ಟ್ಜ್ ಕೂಡ ಸರಾಸರಿಯಲ್ಲಿ ಸೇರಿದೆ, ಎರಡರಲ್ಲಿ ಹೆಚ್ಚು ಚೆನ್ನಾಗಿ ಕೇಳುವ ಕಿವಿಯಲ್ಲೇ ನಷ್ಟ 20 ಡೆಸಿಬೆಲ್ ಮುಟ್ಟಿದರೆ ಸೌಮ್ಯ ನಷ್ಟ ಎಂದೇ ಲೆಕ್ಕ.

ಬರೀ ಪೀ ದನಿಯ ಪರೀಕ್ಷೆಗೇ ನಿಲ್ಲಿಸಲೂ ಬೇಡಿ. ಮಾವನವರ ದೂರು ಮಾತಿನದು, ಪರೀಕ್ಷೆಯೂ ಮಾತಿನದಾಗಬೇಕು. ಕನ್ನಡ ಪದಗಳನ್ನು ಒಂದೊಂದಾಗಿ ಹೇಳಿ, ಹಾಗೆಯೇ ತಿರುಗಿ ಹೇಳಿಸಿ, ನೂರಕ್ಕೆ ಎಷ್ಟು ಸರಿ ಎಂದು ಲೆಕ್ಕ ಹಾಕುತ್ತಾರೆ. ಅನುಕೂಲವಿದ್ದಲ್ಲಿ ಹಿಂದೆ ಗದ್ದಲ ಹಾಕಿ ಮತ್ತೆ ಮಾಡುತ್ತಾರೆ. 1965ರಲ್ಲಿ ಶುರುವಾದ ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಲ್ಲಿ ಇದಕ್ಕಾಗಿ ಕನ್ನಡದ ಪದಪಟ್ಟಿಗಳನ್ನು ಸಿದ್ಧಪಡಿಸಿದ್ದಾರೆ. ಪರೀಕ್ಷಿಸುವವರು ಹೊರಗಿನವರಾಗಿದ್ದರೆ ಒಂದು ಮಾತು ಕಿವಿಗೆ ಹಾಕಿ: ‘ಮನೆ’ಗೆ ನಮ್ಮ ಹಿರಿಯರು ‘ಮನಿ’ ಅಂದರೆ ಅದು ತಪ್ಪು ಉತ್ತರವಲ್ಲ. ಹಾಗೆಯೇ ಮನೆಯಲ್ಲಿ ಮರಾಠಿಯೋ ಉರ್ದುವೋ ಆಡುವವರನ್ನು ಅವರ ಭಾಷೆಯಲ್ಲೇ ಪರೀಕ್ಷಿಸಬೇಕು, ಬೆಳಗಾವಿಯಲ್ಲಂತೂ ಇದು ದಿನದ ಮಾತು. ಆಮೇಲೆ ಕಲಿತ ಭಾಷೆಯನ್ನು ಗದ್ದಲದಲ್ಲಿ ಹಿಡಿಯುವುದು ಕಿವಿ ಗಟ್ಟಿ ಇದ್ದವರಿಗೂ ಕಷ್ಟ.

ಗ್ರಾಫ್ ನಿಜಕ್ಕೂ ಸರಿ ಇದ್ದು ಗದ್ದಲದಲ್ಲಿ ಮಾತ್ರ ತಿಳಿಯದವರೂ ಇದ್ದಾರೆ. 2009ರಲ್ಲಿ ಅಮೆರಿಕದ ಶರೋನ್ ಕುಜಾವಾ ಮತ್ತು ಚಾರ್ಲ್ಸ್ ಲಿಬರ್ಮನ್ ಇಲಿಗಳಲ್ಲಿ ತೋರಿಸಿದ ಸಂಗತಿ ಇದು: ಜೋರು ಶಬ್ದದ ನಂತರ ಕೇಳುವ ಮಟ್ಟ ಮೊದಲಿನಂತಾದರೂ ರೋಮಕೋಶಕ್ಕೂ ನರಕ್ಕೂ ಇರುವ ಜೋಡಣೆಗಳು ಅರ್ಧದಷ್ಟು ಕಡಿದುಹೋಗಿದ್ದವು. ಮನುಷ್ಯರಲ್ಲಿ ಇದು ಎಷ್ಟರಮಟ್ಟಿಗೆ ನಡೆಯುತ್ತದೆ ಎಂಬ ಚರ್ಚೆ ನಡೆದೇ ಇದೆ. ಆದರೆ ಗಣಪತಿ ಮೆರವಣಿಗೆಯ ಡಾಲ್ಬಿ ಮುಂದೆ ರಾತ್ರಿಯಿಡೀ ಕುಣಿದು, ಮರುದಿನ ‘ಕಿವಿ ಗುಂಯ್ ಅಂತಿತ್ತು, ಈಗ ಕಡಿಮಿ ಆತು’ ಎಂದು ನಿರಾಳವಾಗುವ ಬೆಳಗಾವಿಯ ಹುಡುಗರಿಗೆ ನಾನು ಇದನ್ನು ಹೇಳದೆ ಬಿಡುವುದಿಲ್ಲ. ಗುಂಯ್ ನಿಂತಿತು ಎಂದರೆ ಏನೂ ಆಗಿಲ್ಲ ಎಂದಲ್ಲ.

ಮಗನ ವಿಷಯಕ್ಕೆ ಬರೋಣ. ಮೊಬೈಲ್ ಸಣ್ಣ ದನಿಯಲ್ಲೂ ಕೇಳುತ್ತದೆ ಎಂಬುದು ಪುರಾವೆ ಆಗುವುದಿಲ್ಲ. ಮೊಬೈಲ್ ಕೈಯಲ್ಲೇ ಇರುತ್ತದೆ, ಕೋಣೆ ಶಾಂತ, ನೋಡುವುದು ನೂರು ಸಲ ನೋಡಿದ್ದನ್ನೇ. ತರಗತಿಯಲ್ಲಿ ಟೀಚರ್ ಹತ್ತು ಮಾರು ದೂರ, ಬೆನ್ನು ಮಾಡಿ ಬೋರ್ಡಿಗೆ ಬರೆಯುತ್ತ ಹೇಳುತ್ತಾರೆ, ಮೇಲೆ ಫ್ಯಾನ್, ಪಕ್ಕದ ಕ್ಲಾಸಿನ ಮಗ್ಗಿ, ಹೊರಗೆ ಟ್ರ್ಯಾಕ್ಟರ್. ಮಕ್ಕಳಿಗೆ ಪಾಠ ಸರಿಯಾಗಿ ತಿಳಿಯಬೇಕಾದರೆ ಟೀಚರ ದನಿ ಗದ್ದಲಕ್ಕಿಂತ 15 ಡೆಸಿಬೆಲ್ ಮೇಲಿರಬೇಕು ಎನ್ನುತ್ತಾರೆ, ನಮ್ಮ ಎಷ್ಟು ಶಾಲೆಗಳಲ್ಲಿ ಅದು ಸಾಧ್ಯ? ಗದ್ದಲದಿಂದ ಮಾತನ್ನು ಬಿಡಿಸಿಕೊಳ್ಳುವ ಮೆದುಳಿನ ಶಕ್ತಿ ಹದಿಹರೆಯದವರೆಗೂ ಬೆಳೆಯುತ್ತಲೇ ಇರುತ್ತದೆ. ನಮಗೆ ಕೇಳಿದ್ದು ಎಂಟು ವರ್ಷದವನಿಗೂ ಕೇಳಬೇಕು ಎಂಬುದು ನ್ಯಾಯವಲ್ಲ.

ಅವನ ವಯಸ್ಸಿನಲ್ಲಿ ಮೊದಲು ನೋಡಬೇಕಾದದ್ದು ಕಿವಿತಮಟೆಯ ಹಿಂದೆ ನೀರು ಕಟ್ಟಿದೆಯೇ ಎಂಬುದನ್ನು. ನೆಗಡಿ, ಬಾಯಿ ತೆರೆದು ಮಲಗುವುದು, ಗೊರಕೆ, ಮೂಗಿನ ಹಿಂದಿನ ಅಡಿನಾಯ್ಡ್ ಊತ — ಇವುಗಳ ಜೊತೆ ಬರುತ್ತದೆ. ನೋವಿಲ್ಲ, ಸೋರುವುದಿಲ್ಲ, ಆದ್ದರಿಂದ ಯಾರಿಗೂ ಗೊತ್ತಾಗುವುದಿಲ್ಲ. 25–30 ಡೆಸಿಬೆಲ್ ನಷ್ಟ, ಅದೂ ಈ ವಾರ ಇದ್ದು ಮುಂದಿನ ವಾರ ಇಲ್ಲ. ‘ಒಮ್ಮೊಮ್ಮೆ ಕೇಳ್ತಾನ, ಒಮ್ಮೊಮ್ಮೆ ಬೇಕಂತ ಕೇಳಂಗಿಲ್ಲ’ ಎಂಬ ದೂರು ಹುಟ್ಟುವುದೇ ಹೀಗೆ. ಕಿವಿಗೆ ಪುಟ್ಟ ರಬ್ಬರ್ ತುದಿ ಇಟ್ಟು ಗಾಳಿಯ ಒತ್ತಡ ಬದಲಿಸುವ ಟಿಂಪನೋಮೆಟ್ರಿ ಎಂಬ ಪರೀಕ್ಷೆ ಒಂದೆರಡು ನಿಮಿಷದ್ದು. ನೀರು ಕಟ್ಟಿದ್ದರೆ ಗುಡ್ಡದಂತೆ ಏಳಬೇಕಾದ ಗೆರೆ ಚಪ್ಪಟೆಯಾಗಿ ಮಲಗಿರುತ್ತದೆ. ಎಷ್ಟೋ ಮಕ್ಕಳಲ್ಲಿ ಮೂರು ತಿಂಗಳೊಳಗೆ ತಾನೇ ಇಳಿಯುತ್ತದೆ, ಉಳಿದವರಿಗೆ ಚಿಕಿತ್ಸೆ ಇದೆ. ಜೊತೆಗೆ ಮಂಗನಬಾವು ಆಗಿತ್ತೇ ಎಂದು ನೆನಪು ಮಾಡಿಕೊಳ್ಳಿ. ಅದು ಒಂದೇ ಕಿವಿಯನ್ನು ಸದ್ದಿಲ್ಲದೆ ಕೆಡಿಸಬಲ್ಲದು, ಮಗುವೂ ಹೇಳುವುದಿಲ್ಲ, ಮನೆಯವರಿಗೂ ತಿಳಿಯುವುದಿಲ್ಲ.

ಇದೆಲ್ಲ ಸರಿ ಇದ್ದರೆ ಮಾತ್ರ ಮುಂದಿನ ಪ್ರಶ್ನೆ: ಕಿವಿ ತಂದುಕೊಟ್ಟ ದನಿಯನ್ನು ಮೆದುಳು ಸಂಸ್ಕರಿಸುವಲ್ಲಿ ತೊಂದರೆ ಇದೆಯೇ? ಇಂಥ ಮಕ್ಕಳು ಇದ್ದಾರೆ. ಎರಡು ಮೂರು ಸೂಚನೆ ಒಟ್ಟಿಗೆ ಕೊಟ್ಟರೆ ಒಂದೇ ಉಳಿಯುತ್ತದೆ, ಹತ್ತಿರದ ದನಿಗಳು ಅದಲುಬದಲಾಗುತ್ತವೆ, ಉಕ್ತಲೇಖನ ಕೆಡುತ್ತದೆ, ಗದ್ದಲದಲ್ಲಿ ಸೋಲುತ್ತಾರೆ. ಎರಡು ಕಿವಿಗೂ ಬೇರೆಬೇರೆ ಅಂಕಿ ಒಮ್ಮೆಗೇ ಕೇಳಿಸಿ ಹೇಳಿಸುವುದು, ದನಿಯ ನಡುವಿನ ಕಿರು ಬಿಡುವನ್ನು ಗುರುತಿಸುವುದು ಮುಂತಾದ ಪರೀಕ್ಷೆಗಳಿವೆ. ಅವನ್ನು ಸಾಮಾನ್ಯವಾಗಿ 7 ವರ್ಷ ತುಂಬಿದ ಮೇಲೆ ಮಾಡುತ್ತಾರೆ, ಅದಕ್ಕಿಂತ ಸಣ್ಣವರ ಉತ್ತರ ನಂಬುವಂತಿರುವುದಿಲ್ಲ. ಆದರೂ ಈ ಹೆಸರನ್ನು ಮಗುವಿಗೆ ಅಂಟಿಸಲು ನಾನು ಅವಸರ ಮಾಡುವುದಿಲ್ಲ. ಗಮನದ ತೊಂದರೆ, ಓದು-ಬರಹದ ತೊಂದರೆ, ಭಾಷೆಯ ಹಿನ್ನಡೆ — ಎಲ್ಲದರ ಹೊರ ಲಕ್ಷಣ ಒಂದೇ ಥರ ಕಾಣುತ್ತದೆ, ಕೆಲವು ಒಟ್ಟಿಗೂ ಇರುತ್ತವೆ. ನಿಮ್ಮ ಮಗನದಕ್ಕೆ ಇನ್ನೊಂದು ಎಳೆ ಇದೆ. ಮನೆಯಲ್ಲಿ ಕನ್ನಡ, ಕ್ಲಾಸಿನಲ್ಲಿ ಇಂಗ್ಲಿಷ್. ಅದೇ ಟೀಚರ್ ಅದೇ ಸೂಚನೆಯನ್ನು ಕನ್ನಡದಲ್ಲಿ ಕೊಟ್ಟಾಗ ಪೂರ್ತಿ ಮಾಡುತ್ತಾನೆಯೇ? ಒಂದು ವಾರ ಹೀಗೆ ನೋಡಲು ಅವರನ್ನು ಕೇಳಿ, ನನ್ನ ಅರ್ಧ ಪ್ರಶ್ನೆಗೆ ಉತ್ತರ ಅಲ್ಲೇ ಸಿಗುತ್ತದೆ. ಫಲಿತಾಂಶ ಏನೇ ಬರಲಿ, ನಾಳೆಯಿಂದಲೇ ಮುಂದಿನ ಸಾಲಿನಲ್ಲಿ, ಕಿಟಕಿಯಿಂದ ದೂರ ಕೂರಿಸಲು ಹೇಳಿ. ಅದಕ್ಕೆ ಯಾವ ಸರ್ಟಿಫಿಕೇಟೂ ಬೇಡ.

ನಿಮ್ಮ ಮನೆಯದಷ್ಟೇ ಅಲ್ಲದೆ, ಯಾವಾಗ ತಡ ಮಾಡಲೇಬಾರದು ಎಂಬುದನ್ನೂ ಹೇಳುತ್ತೇನೆ. ಬೆಳಿಗ್ಗೆ ಎದ್ದಾಗ ಅಥವಾ ಒಂದೆರಡು ದಿನದಲ್ಲಿ ಒಂದು ಕಿವಿ ತಟ್ಟನೆ ಬಂದಾದರೆ ಅದು ತುರ್ತು. ಗುಗ್ಗೆ ಇರಬಹುದು, ನೆಗಡಿ ಇರಬಹುದು, ಆದರೆ ಒಳಕಿವಿಯದಾಗಿದ್ದರೆ ಸ್ಟೆರಾಯ್ಡ್ ಚಿಕಿತ್ಸೆ ಆದಷ್ಟು ಬೇಗ, ಎರಡು ವಾರದೊಳಗೆ ಸಿಗಬೇಕು. ಬಳ್ಳೊಳ್ಳಿ ಎಣ್ಣೆ ಕಾಸಿ ಹಾಕುತ್ತ ಕೂತರೆ ಆ ಅವಧಿ ಮುಗಿದಿರುತ್ತದೆ. ಅಂದಹಾಗೆ ಎಣ್ಣೆ ಕಿವಿಗೆ ಯಾವತ್ತೂ ಬೇಡ, ತಮಟೆ ತೂತಾಗಿದ್ದರೆ ಒಳಗೆ ಸೋಂಕು, ಇಲ್ಲದಿದ್ದರೆ ಬೂಷ್ಟು. ಕಿವಿ ಬಂದಾಗುವುದರ ಜೊತೆ ಮುಖ ಸೊಟ್ಟಗಾದರೆ, ಕೈಕಾಲು ಬಲ ಕುಂದಿದರೆ, ಮಾತು ತೊದಲಿದರೆ ಕಿವಿಯ ಡಾಕ್ಟರನ್ನು ಹುಡುಕಬೇಡಿ, ನೇರ ದೊಡ್ಡ ಆಸ್ಪತ್ರೆಯ ತುರ್ತು ವಿಭಾಗಕ್ಕೆ ಓಡಿ. ಒಂದೇ ಕಿವಿಯಲ್ಲಿ ಮಾತ್ರ ಕೇಳುವುದು ಕಡಿಮೆಯಾಗುತ್ತ ಹೋದರೆ, ಒಂದೇ ಕಿವಿಯಲ್ಲಿ ಗುಂಯ್ ಎಂಬುದು ಬಿಡದಿದ್ದರೆ ಎಂಆರ್‌ಐ ಬೇಕಾಗಬಹುದು, ನರದ ಮೇಲಿನ ಗಡ್ಡೆ ಇಲ್ಲವೆಂದು ಖಚಿತ ಮಾಡಿಕೊಳ್ಳಲು. ಸೋರುವ ಕಿವಿ, ತಲೆಸುತ್ತು, ಕ್ಷಯಕ್ಕೆ ಕೊಡುವ ಕೆಲವು ಇಂಜೆಕ್ಷನ್ ಆದ ಮೇಲಿನ ಬದಲಾವಣೆ — ಇವಕ್ಕೂ ಕಾಯಬಾರದು.

ಕೂಸುಗಳ ವಿಷಯದಲ್ಲಿ ಲೆಕ್ಕ ಇನ್ನೂ ಬಿಗಿ. ಹುಟ್ಟಿದ ಒಂದು ತಿಂಗಳೊಳಗೆ ಸ್ಕ್ರೀನಿಂಗ್, ಮೂರು ತಿಂಗಳೊಳಗೆ ರೋಗನಿರ್ಣಯ, ಆರು ತಿಂಗಳೊಳಗೆ ಚಿಕಿತ್ಸೆ ಶುರು ಎಂಬುದು ಎಲ್ಲ ಕಡೆ ಒಪ್ಪಿದ ಗುರಿ. ಆರೋಗ್ಯವಾದ ಕಾಕ್ಲಿಯಾ ದನಿ ಕೇಳಿದಾಗ ತಾನೂ ಒಂದು ಕ್ಷೀಣ ದನಿ ಹೊರಡಿಸುತ್ತದೆ ಎಂದು 1978ರಲ್ಲಿ ಡೇವಿಡ್ ಕೆಂಪ್ ಕಂಡುಹಿಡಿದರು. ಮಲಗಿದ ಕೂಸಿನ ಕಿವಿಯಲ್ಲಿ ಅದನ್ನೇ ಹಿಡಿಯುವ ಓಎಇ ಪರೀಕ್ಷೆ ಕೆಲವೇ ನಿಮಿಷದ್ದು. ಅದರಲ್ಲಿ ಸಂಶಯ ಬಂದರೆ ನರದ ದಾರಿಯನ್ನು ಅಳೆಯುವ ಬೆರಾ. ಎನ್‌ಐಸಿಯುನಲ್ಲಿ (ನವಜಾತ ಶಿಶುಗಳ ತೀವ್ರ ನಿಗಾ ಘಟಕದಲ್ಲಿ) ಇದ್ದ ಕೂಸು, ಕಾಮಾಲೆ ವಿಪರೀತ ಏರಿದ ಕೂಸು, ಮೆದುಳು ಜ್ವರ ಬಂದ ಮಗು — ಇವರನ್ನು ಬಿಡಲೇಬೇಡಿ. ಸೋದರಮಾವ, ಅಕ್ಕನ ಮಗಳು ಎಂಬ ನಂಟಿನೊಳಗೆ ಮದುವೆ ನಡೆಯುವ ನಮ್ಮ ಕಡೆ ಹುಟ್ಟುಗಿವುಡಿನ ಸಾಧ್ಯತೆ ಹೆಚ್ಚು. ‘ನಮ್ಮ ಮನ್ಯಾಗ ಎಲ್ಲಾರೂ ತಡಾನ ಮಾತಾಡ್ಯಾರ’ ಎಂಬ ಸಮಾಧಾನ ಅಲ್ಲಿ ನಡೆಯುವುದಿಲ್ಲ.

ಮಾವನವರಿಗೆ ಹಿಯರಿಂಗ್ ಏಡ್ ಹೇಳಿದರೆ ಬೇಡ ಅನ್ನಬೇಡಿ, ಎರಡೂ ಕಿವಿಗೆ ಹೇಳಿದರೆ ಎರಡೂ ಹಾಕಿಸಿ. ಗದ್ದಲದಲ್ಲಿ ತಾಳೆ ನೋಡಲು ಮೆದುಳಿಗೆ ಎರಡೂ ಕಡೆಯ ಸುದ್ದಿ ಬೇಕು ಎಂದು ಮೇಲೆ ಹೇಳಿದೆನಲ್ಲ. ಆನ್‌ಲೈನಿನಲ್ಲಿ ಹಿಯರಿಂಗ್ ಏಡ್ ರೂಪದಲ್ಲೇ ಮಾರುವ ಅಗ್ಗದ ಯಂತ್ರಗಳು ಎಲ್ಲ ಸಪ್ಪಳವನ್ನೂ ಒಂದೇ ಸಮ ಹಿಗ್ಗಿಸುತ್ತವೆ, ಅವರಿಗೆ ಬೇಕಿರುವುದು 4,000ದ ಆಸುಪಾಸು ಮಾತ್ರ. ಗ್ರಾಫ್ ಪ್ರಕಾರ ಹೊಂದಿಸಿಕೊಡದ ಯಂತ್ರಕ್ಕೆ ದುಡ್ಡು ಹಾಕಬೇಡಿ. ಹೊಂದಿಸಿದ ಮೇಲೂ ಮೊದಲ ವಾರ ‘ತಾಟಿನ ಸಪ್ಪಳ ತಲಿ ತಿಂತದ’ ಎಂದು ಬಯ್ಯುತ್ತಾರೆ. ವರ್ಷಗಟ್ಟಲೆ ಕೇಳದ ದನಿಗಳು ಒಮ್ಮೆಲೆ ಬಂದಾಗ ಮೆದುಳಿಗೆ ಅವನ್ನು ಬದಿಗೆ ಸರಿಸಲು ಕೆಲವು ವಾರ ಬೇಕು. ದಿನಾ ಹಾಕಿದರೆ ಆ ವಾರಗಳು ಕಳೆಯುತ್ತವೆ, ಮದುವೆಗೆ ಮಾತ್ರ ಹಾಕಿ ಉಳಿದ ದಿನ ಕಪಾಟಿನಲ್ಲಿಟ್ಟರೆ ಎಂದೂ ಕಳೆಯುವುದಿಲ್ಲ.

ಕಿವಿ ಕೇಳದಿದ್ದರೆ ಮರೆವಿನ ಕಾಯಿಲೆ ಬರುತ್ತದೆ ಎಂದು ಹೆದರಿಸಿ ಯಂತ್ರ ಮಾರುವವರೂ ಇದ್ದಾರೆ. ನಿಜಸ್ಥಿತಿ ಹೀಗಿದೆ. ನಡುವಯಸ್ಸಿನ ಕಿವುಡು ಮರೆವಿನ ಕಾಯಿಲೆಯ ಅಪಾಯಾಂಶಗಳಲ್ಲಿ ಒಂದು ಎಂದು ಲ್ಯಾನ್ಸೆಟ್ ಎಂಬ ವೈದ್ಯಕೀಯ ಪತ್ರಿಕೆಯ ಆಯೋಗ 2017ರಿಂದ ಹೇಳುತ್ತ ಬಂದಿದೆ. ಹಿಯರಿಂಗ್ ಏಡ್ ಹಾಕಿದರೆ ತಡೆಯಬಹುದೇ ಎಂದು ಅಮೆರಿಕದಲ್ಲಿ 70ರಿಂದ 84 ವಯಸ್ಸಿನ 977 ಜನರನ್ನು ಮೂರು ವರ್ಷ ನೋಡಿದ ಅಚೀವ್ ಎಂಬ ಪ್ರಯೋಗ 2023ರಲ್ಲಿ ಪ್ರಕಟವಾಯಿತು. ಎಲ್ಲರನ್ನೂ ಸೇರಿಸಿ ನೋಡಿದಾಗ ವ್ಯತ್ಯಾಸ ಕಾಣಲಿಲ್ಲ. ಮೊದಲೇ ಅಪಾಯ ಹೆಚ್ಚಿದ್ದ ಗುಂಪಿನಲ್ಲಿ ಮಾತ್ರ ಬುದ್ಧಿಶಕ್ತಿ ಕುಂದುವುದು 48%ರಷ್ಟು ನಿಧಾನವಾಗಿತ್ತು. ನಾನು ಹಿಯರಿಂಗ್ ಏಡ್ ಹಾಕಿಸಿ ಎನ್ನುವುದು ಈ ಭಯದಿಂದಲ್ಲ, ಮೊಮ್ಮಗನ ಜೊತೆ ಅವರು ಮಾತಾಡಬೇಕಲ್ಲ ಎಂಬುದಕ್ಕೆ.

ಎಲ್ಲಿ ತೋರಿಸುವುದು? ನಿಮಗೆ ವಿಜಯಪುರದ ಬಿಎಲ್‌ಡಿಇ ಆದರೂ ಸರಿ, ಬಾಗಲಕೋಟೆಯ ಕುಮಾರೇಶ್ವರ ಆಸ್ಪತ್ರೆ ಆದರೂ ಸರಿ. ಬೆಳಗಾವಿ ಕಡೆಯವರಿಗೆ ಬಿಮ್ಸ್, ಕೆಎಲ್‌ಇ ಇವೆ. ಇವೆಲ್ಲ ಮೆಡಿಕಲ್ ಕಾಲೇಜಿನ ಆಸ್ಪತ್ರೆಗಳು, ಕಿವಿ-ಮೂಗು-ಗಂಟಲು ವಿಭಾಗ ಇರುತ್ತದೆ. ಮೊದಲು ಅಲ್ಲಿಯ ವೈದ್ಯರು ಕಿವಿಯೊಳಗೆ ನೋಡಲಿ, ಆಮೇಲೆ ಆಡಿಯಾಲಜಿಸ್ಟ್ (ಶ್ರವಣ ತಜ್ಞರು) ಹತ್ತಿರ ಪರೀಕ್ಷೆ. ಅಂಗವೈಕಲ್ಯದ ಯುಡಿಐಡಿ ಕಾರ್ಡಿನ ಬಗ್ಗೆ ಯಾರಾದರೂ ಆಸೆ ತೋರಿಸಿದ್ದರೆ ಮುಂಚೆಯೇ ತಿಳಿದಿರಲಿ: ಅಂಗವಿಕಲರ ಹಕ್ಕುಗಳ 2016ರ ಕಾಯ್ದೆಯ ಪ್ರಕಾರ ಮಾತಿನ ಕಂಪನಗಳಲ್ಲಿ ಎರಡೂ ಕಿವಿಗೆ 60 ಡೆಸಿಬೆಲ್ ಆದರೂ ನಷ್ಟ ಇರಬೇಕು. ಮಗ್ಗದ ಕಿವಿ ಬಹಳ ಸಲ ಅಲ್ಲಿಗೆ ಮುಟ್ಟುವುದಿಲ್ಲ, ಬದುಕಿಗೆ ಎಷ್ಟೇ ತೊಡಕಾಗಿದ್ದರೂ.

ಹೋಗುವಾಗ ಮಾವನವರ ಹಳೆಯ ಚೀಟಿ, ನುಂಗುವ ಗುಳಿಗೆಗಳ ಹೆಸರು, ಮಗನ ಶಾಲೆಯ ಡೈರಿ ತೆಗೆದುಕೊಂಡು ಹೋಗಿ. ಹಿಂದಿನ ದಿನ ಕಿವಿಯಲ್ಲಿ ಕಡ್ಡಿ ಆಡಿಸುವುದು, ಎಣ್ಣೆ ಬಿಡುವುದು ಬೇಡ. ಮತ್ತು ಪರೀಕ್ಷೆಯ ಹಿಂದಿನ ದಿನ ಮಾವನವರು ಶೆಡ್ಡಿಗೆ ಕಾಲಿಡಬಾರದು: ಮಗ್ಗದ ಸಪ್ಪಳದಿಂದ ಎದ್ದುಬಂದ ಕಿವಿ ಕೆಲವು ತಾಸು ಮಂಕಾಗಿರುತ್ತದೆ, ಇದ್ದದ್ದಕ್ಕಿಂತ ಹೆಚ್ಚು ನಷ್ಟ ತೋರಿಸುತ್ತದೆ. ಒಂದು ದಿನದ ಕೂಲಿ ಹೋದೀತು, ಮಗ್ಗವನ್ನು ಬೇರೆಯವರು ನೋಡಿಕೊಳ್ಳಲಿ. ಅವರು ನೋಡಿಕೊಳ್ಳುವಾಗ ಕಿವಿಗೆ ಇಯರ್‌ಪ್ಲಗ್ ಇಟ್ಟುಕೊಳ್ಳಲಿ. ಹತ್ತಿಯ ಉಂಡೆ ಸಾಲದು.